ಒಂದೇ ಲೆವೆಲ್ ಒಬ್ಬರಿಗೆ ಸುಲಭ, ಇನ್ನೊಬ್ಬರಿಗೆ ಕಷ್ಟ: ಸಣ್ಣ ಆನ್‌ಲೈನ್ ಆಟಗಳಲ್ಲಿ ಸ್ಕಿಲ್ ಎಷ್ಟು, ಲಕ್ ಎಷ್ಟು?

ಫೋನಿನಲ್ಲೋ ಬ್ರೌಸರ್‌ನಲ್ಲೋ ಆಡುವ ಯಾವುದೇ ಸಣ್ಣ ಆಟದ ಬಗ್ಗೆ ನಾಲ್ಕು ಜನರನ್ನು ಕೇಳಿ ನೋಡಿ. ಒಬ್ಬರು "ಇದರಲ್ಲಿ ಸ್ಕಿಲ್ ಏನೂ ಇಲ್ಲ, ಎಲ್ಲ ಲಕ್" ಅನ್ನುತ್ತಾರೆ. ಇನ್ನೊಬ್ಬರು "ಸ್ವಲ್ಪ ತಲೆ ಓಡಿಸಿದರೆ ತುಂಬಾ ಸುಲಭ" ಅನ್ನುತ್ತಾರೆ. ಮೂರನೆಯವರು "ಮೊದಲು ಚೆನ್ನಾಗಿತ್ತು, ಈಗ ಬೇಕಂತಲೇ ಕಷ್ಟ ಮಾಡಿದ್ದಾರೆ" ಎಂದು ಬೇಸರಪಡುತ್ತಾರೆ. ನಾಲ್ಕನೆಯವರು "ದುಡ್ಡು ಹಾಕದೆ ಮುಂದೆ ಹೋಗೋಕೇ ಆಗಲ್ಲ" ಅನ್ನುತ್ತಾರೆ. ನಾಲ್ವರೂ ಆಡುತ್ತಿರುವುದು ಒಂದೇ ಆಟ. ಯಾರೂ ಸುಳ್ಳು ಹೇಳುತ್ತಿಲ್ಲ.

ಇಂಥ ಮಾತುಗಳನ್ನು ನಾನು ಗೌರವದಿಂದಲೇ ಕೇಳುತ್ತೇನೆ. ಆಡಿದವರ ಅನುಭವವನ್ನು ಪೂರ್ತಿ ನಂಬಬೇಕು. ಅವರು ಕೊಡುವ ಕಾರಣವನ್ನು ಮಾತ್ರ ಬಿಡಿಸಿ ನೋಡಬೇಕು. "ಹತ್ತು ಸಲ ಸೋತೆ, ಸಾಕಾಯಿತು" ಅನ್ನುವುದು ನಿಜ. "ಅದಕ್ಕೇ ಈ ಆಟ ಮೋಸ" ಅನ್ನುವುದು ನಿಜ ಇರಬಹುದು, ಇಲ್ಲದೆಯೂ ಇರಬಹುದು. ಅದನ್ನು ತಿಳಿಯಲು ಆಟದ ಒಳಗೆ ಏನು ನಡೆಯುತ್ತದೆ ಅನ್ನುವುದು ಗೊತ್ತಿರಬೇಕು.

ಬೇಕಂತಲೇ ಸೋಲಲು ಆಗುತ್ತದಾ?

ಆಟದಲ್ಲಿ ಸ್ಕಿಲ್ ಇದೆಯೋ ಇಲ್ಲವೋ ನೋಡಲು ಒಂದು ಸುಲಭ ಪರೀಕ್ಷೆ ಇದೆ. ಬೇಕಂತಲೇ ಸೋಲಲು ಪ್ರಯತ್ನಿಸಿ. ಹಾವು ಏಣಿ ಆಟದಲ್ಲಿ ಅದು ಸಾಧ್ಯವೇ ಇಲ್ಲ. ಎಷ್ಟು ಗರ ಬಿತ್ತೋ ಅಷ್ಟು ಮನೆ ನಡೆಯಬೇಕು. ನೀವು ತೀರ್ಮಾನಿಸುವುದು ಏನೂ ಇಲ್ಲ. ಲೂಡೋದಲ್ಲಿ ಸಾಧ್ಯ. ಎದುರಾಳಿಯ ಕಾಯಿ ಹೊಡೆಯುವ ಅವಕಾಶವನ್ನು ಬಿಟ್ಟುಕೊಡಬಹುದು. ಸೇಫ್ ಮನೆಯಲ್ಲಿ ಕೂತ ಕಾಯಿಯನ್ನೇ ಎಬ್ಬಿಸಿ ಬಯಲಿಗೆ ತರಬಹುದು. ಕೆಟ್ಟದಾಗಿ ಆಡಲು ದಾರಿ ಇದೆ ಅಂದರೆ ಚೆನ್ನಾಗಿ ಆಡಲೂ ದಾರಿ ಇದೆ. ಅಂದರೆ ಲೂಡೋದಲ್ಲಿ ಸ್ಕಿಲ್ ಇದೆ.

ಎಷ್ಟಿದೆ ಅನ್ನುವುದು ಬೇರೆ ಪ್ರಶ್ನೆ. ಅದಕ್ಕೆ ಹೀಗೆ ಕೇಳಬೇಕು: ಪಳಗಿದವರೊಬ್ಬರು ಮತ್ತು ಹೊಸಬರೊಬ್ಬರು ಎದುರುಬದುರು ಕೂತರೆ, ಯಾರು ಪಳಗಿದವರು ಅಂತ ಗೊತ್ತಾಗಲು ಎಷ್ಟು ಆಟ ಬೇಕು? ಚೆಸ್‌ನಲ್ಲಿ ಒಂದೇ ಆಟ ಸಾಕು, ಎಷ್ಟೋ ಸಲ ಹತ್ತು ನಡೆ ಸಾಕು. ಲೂಡೋದಲ್ಲಿ ಒಂದು ಸಂಜೆ ಪೂರ್ತಿ ಆಡಿದರೂ ಗೊತ್ತಾಗದೆ ಹೋಗಬಹುದು. ದಾಳದ ಗದ್ದಲ ಅಷ್ಟು ಜೋರು. ಸ್ಕಿಲ್ ಅದರ ಕೆಳಗೆ ಇರುತ್ತದೆ, ಆದರೆ ಮೇಲೆ ಕಾಣಲು ತುಂಬಾ ಆಟ ಬೇಕು. "ಎಲ್ಲ ಲಕ್" ಅನ್ನುವವರು ಹೆಚ್ಚಾಗಿ ಆಡಿರುವುದು ಕಡಿಮೆ. ಅವರಿಗೆ ಕಂಡಿದ್ದು ಗದ್ದಲ ಮಾತ್ರ.

ದಾಳ ಇದ್ದರೆ, ಅಥವಾ ಏನೋ ಒಂದು ತನ್ನಷ್ಟಕ್ಕೆ ಬೀಳುತ್ತಿದ್ದರೆ, ಆಟ ಲಕ್ ಮೇಲೆ ನಿಂತಿದೆ ಅಂದುಕೊಳ್ಳುವುದೂ ತಪ್ಪು. 2014ರ ಮಾರ್ಚ್‌ನಲ್ಲಿ ಬಂದ 2048 ನೆನಪಿದೆಯಾ? ಗೇಬ್ರಿಯೆಲೆ ಚಿರುಲ್ಲಿ ಅನ್ನುವ 19 ವರ್ಷದ ಹುಡುಗ ಅದನ್ನು ಮಾಡಿದ್ದು. ಅಂಕೆಯ ಚೌಕಗಳನ್ನು ಸರಿಸಿ ಸೇರಿಸುತ್ತಾ ಹೋಗಬೇಕು. ಪ್ರತಿ ನಡೆಯ ಮೇಲೆ ಒಂದು ಹೊಸ ಚೌಕ ಎಲ್ಲೋ ಒಂದು ಕಡೆ ಬರುತ್ತದೆ. 100ಕ್ಕೆ 90 ಸಲ ಅದು 2, 10 ಸಲ 4. ಅದು ಎಲ್ಲಿ ಬರುತ್ತದೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಆದರೂ ಚೆನ್ನಾಗಿ ಬರೆದ ಕಂಪ್ಯೂಟರ್ ಪ್ರೋಗ್ರಾಂ ಹೆಚ್ಚುಕಡಿಮೆ ಪ್ರತಿ ಸಲವೂ 2048 ಮುಟ್ಟುತ್ತದೆ. ಸುಮ್ನೆ ಅತ್ತ ಇತ್ತ ಸರಿಸುವವರು ಹೆಚ್ಚುಕಡಿಮೆ ಎಂದೂ ಮುಟ್ಟುವುದಿಲ್ಲ. ಪ್ರತಿ ನಡೆಯಲ್ಲೂ ಲಕ್ ಇದೆ, ಆದರೆ ಒಂದೊಂದರ ಪಾಲು ತೀರಾ ಸಣ್ಣದು. ನೂರಾರು ಸಣ್ಣ ಲಕ್‌ಗಳು ಒಂದನ್ನೊಂದು ಸರಿದೂಗಿಸುತ್ತವೆ. ಕೊನೆಗೆ ಉಳಿಯುವುದು ಆಡಿದವರ ಲೆಕ್ಕಾಚಾರ. ದೊಡ್ಡ ಚೌಕವನ್ನು ಒಂದೇ ಮೂಲೆಯಲ್ಲಿ ಇಟ್ಟುಕೊಳ್ಳುವುದನ್ನು ಕಲಿತ ದಿನ ಇದು ಯಾರಿಗಾದರೂ ಗೊತ್ತಾಗುತ್ತದೆ.

ಸಮಾನ ಕೈಗಳು, ಬೇರೆ ಬೇರೆ ಕಥೆ

ಈಗ ನನಗೆ ಅತಿ ಮುಖ್ಯ ಅನ್ನಿಸುವ ವಿಷಯಕ್ಕೆ ಬರೋಣ. ಮೂರು ಒಂದೇ ಬಣ್ಣದ್ದನ್ನು ಸೇರಿಸಿ ಒಡೆಯುವ ಆಟವೊಂದರ ಒಂದು ಲೆವೆಲ್ ತೆಗೆದುಕೊಳ್ಳಿ. ಸಾಧಾರಣ ಆಟಗಾರರು ಆಡಿದರೆ 10ರಲ್ಲಿ 1 ಸಲ ಅದು ಪಾಸಾಗುತ್ತದೆ ಅಂದುಕೊಳ್ಳೋಣ. ಸರಿಯಾಗಿ ಒಂದೇ ಮಟ್ಟದ 100 ಜನ ಅದನ್ನು ಆಡುತ್ತಾರೆ. ಕೈಚಳಕದಲ್ಲಿ ಅವರ ನಡುವೆ ಏನೇನೂ ವ್ಯತ್ಯಾಸ ಇಲ್ಲ.

ಮೊದಲ ಪ್ರಯತ್ನದಲ್ಲೇ ಸುಮಾರು 10 ಜನ ದಾಟಿ ಹೋಗುತ್ತಾರೆ. ಹತ್ತು ಪ್ರಯತ್ನ ಮುಗಿದಾಗ ಸುಮಾರು 35 ಜನ ಇನ್ನೂ ಅಲ್ಲೇ ಸಿಕ್ಕಿಬಿದ್ದಿರುತ್ತಾರೆ. ಇಪ್ಪತ್ತು ಪ್ರಯತ್ನ ಆದ ಮೇಲೂ ಸುಮಾರು 12 ಜನ ಉಳಿದಿರುತ್ತಾರೆ. ಮೊದಲ 10 ಜನರನ್ನು ಕೇಳಿ. "ಆ ಲೆವೆಲ್ಲಾ? ಏನೂ ಕಷ್ಟ ಇಲ್ಲ" ಅನ್ನುತ್ತಾರೆ. ಕೊನೆಯ 12 ಜನರನ್ನು ಕೇಳಿ. "ಅದನ್ನು ದಾಟೋಕೆ ಸಾಧ್ಯವೇ ಇಲ್ಲ, ಬೇಕಂತಲೇ ಹಾಗೆ ಮಾಡಿದ್ದಾರೆ" ಅನ್ನುತ್ತಾರೆ. ಇಬ್ಬರೂ ತಮಗೆ ಆದದ್ದನ್ನೇ ಹೇಳುತ್ತಿದ್ದಾರೆ. ಇಬ್ಬರ ಮಾತಿನಿಂದಲೂ ಆ ಲೆವೆಲ್ ಎಷ್ಟು ಕಷ್ಟ ಅನ್ನುವುದು ಗೊತ್ತಾಗುವುದಿಲ್ಲ. 100 ಜನರ ಲೆಕ್ಕ ಒಟ್ಟಿಗೆ ನೋಡಿದವರಿಗೆ ಮಾತ್ರ ಅದು ಗೊತ್ತು. ಆ ಲೆಕ್ಕ ಇರುವುದು ಆಟ ಮಾಡಿದ ಕಂಪನಿಯ ಹತ್ತಿರ.

ಇನ್ನೊಂದು ಸಂಗತಿ ಇದೆ. ಸುಲಭವಾಗಿ ದಾಟಿದವರು ಸುಮ್ಮನೆ ಮುಂದಿನ ಲೆವೆಲ್‌ಗೆ ಹೋಗುತ್ತಾರೆ. ಸಿಕ್ಕಿಬಿದ್ದವರು ಮಾತಾಡುತ್ತಾರೆ. ಹಾಗಾಗಿ ನಮ್ಮ ಕಿವಿಗೆ ಬೀಳುವ ಅಭಿಪ್ರಾಯಗಳಲ್ಲಿ ಆ 12 ಜನರ ದನಿಯೇ ಜಾಸ್ತಿ.

ದಾಳದಲ್ಲೂ ಇದೇ ಕಥೆ. ಲೂಡೋದಲ್ಲಿ ಕಾಯಿ ಹೊರಬರಲು ಆರು ಬೀಳಬೇಕು. ಒಬ್ಬರಿಗೆ ಸತತ ಹತ್ತು ಸಲ ಆರು ಬೀಳದೇ ಇರುವ ಸಾಧ್ಯತೆ ಸುಮಾರು 16%. ಕಡಿಮೆ ಅನ್ನಿಸುತ್ತದೆ, ಅಲ್ವಾ? ಆದರೆ ಬೋರ್ಡಿನ ಸುತ್ತ ನಾಲ್ಕು ಜನ ಇದ್ದಾರೆ. ಆ ನಾಲ್ವರಲ್ಲಿ ಒಬ್ಬರಿಗಾದರೂ ಮೊದಲ ಹತ್ತು ಗರದಲ್ಲಿ ಆರು ಬೀಳದೇ ಇರುವ ಸಾಧ್ಯತೆ 50%ಗಿಂತ ಸ್ವಲ್ಪ ಜಾಸ್ತಿ. ಅಂದರೆ ಪೂರ್ತಿ ಪ್ರಾಮಾಣಿಕ ದಾಳದಲ್ಲೂ ಪ್ರತಿ ಎರಡು ಆಟಕ್ಕೆ ಒಂದರಲ್ಲಿ ಯಾರೋ ಒಬ್ಬರು "ಈ ಆ್ಯಪ್ ನನಗೆ ಆರು ಕೊಡುತ್ತಲೇ ಇಲ್ಲ" ಎಂದು ಕೂಗಲು ಕಾರಣ ಇರುತ್ತದೆ.

ಅದೇ ಮನುಷ್ಯನಿಗೆ ಎರಡು ಆರು ಒಟ್ಟಿಗೆ ಬಿದ್ದರೆ ಬಟನ್ ಒತ್ತಿದ ರೀತಿ ಸರಿಯಾಗಿತ್ತು ಅನ್ನಿಸುತ್ತದೆ. ಇದನ್ನು ಎಲೆನ್ ಲ್ಯಾಂಗರ್ ಅನ್ನುವ ಮನಶ್ಶಾಸ್ತ್ರಜ್ಞೆ 1975ರಲ್ಲೇ ಪ್ರಯೋಗ ಮಾಡಿ ತೋರಿಸಿದರು. ಲಾಟರಿ ಟಿಕೆಟನ್ನು ತಾವೇ ಆರಿಸಿಕೊಂಡವರು ಅದನ್ನು ವಾಪಸ್ ಮಾರಲು ತುಂಬಾ ಹೆಚ್ಚು ಬೆಲೆ ಕೇಳಿದರು. ಟಿಕೆಟನ್ನು ಸುಮ್ನೆ ಕೈಗೆ ಕೊಡಿಸಿಕೊಂಡವರು ಅಷ್ಟು ಕೇಳಲಿಲ್ಲ. ಗೆಲ್ಲುವ ಸಾಧ್ಯತೆ ಇಬ್ಬರಿಗೂ ಒಂದೇ. ಕೈ ತಾಗಿದ ಕೂಡಲೇ ಅದು ನಮ್ಮ ಹಿಡಿತದಲ್ಲಿದೆ ಅನ್ನಿಸಿಬಿಡುತ್ತದೆ. ಗೆದ್ದಾಗ ಸ್ಕಿಲ್, ಸೋತಾಗ ಲಕ್ ಅಂತ ನಾವೆಲ್ಲರೂ ಲೆಕ್ಕ ಬರೆದುಕೊಳ್ಳುವುದೂ ಇದರ ಜೊತೆಗೇ ಬರುತ್ತದೆ. ಇದು ದಡ್ಡತನವಲ್ಲ, ಮನುಷ್ಯರ ಸಹಜ ಗುಣ.

ಆಟ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಸಾಮ್ರಾಜ್ಯ ಕಟ್ಟಿ ಯುದ್ಧ ಮಾಡುವ ಸಿವಿಲೈಸೇಶನ್ ಆಟಗಳನ್ನು ಮಾಡಿದ ಸಿಡ್ ಮೀಯರ್ 2010ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಇದರ ಬಗ್ಗೆಯೇ ಮಾತಾಡಿದರು. ತಮ್ಮ ಕಡೆ 3ಕ್ಕೆ 1ರ ಬಲ ಇದ್ದಾಗ ಆಟಗಾರರು ಗೆದ್ದೇ ಗೆಲ್ಲುತ್ತೇವೆ ಅಂದುಕೊಳ್ಳುತ್ತಾರೆ. ಲೆಕ್ಕದ ಪ್ರಕಾರ ನಾಲ್ಕರಲ್ಲಿ ಒಂದು ಸಲ ಸೋಲಬೇಕು. ಆದರೆ ಸೋತರೆ ಆಟದಲ್ಲೇ ಏನೋ ತಪ್ಪಿದೆ ಅನ್ನುತ್ತಾರೆ. ಕೊನೆಗೆ ಅವರ ತಂಡ ಆಟಗಾರರ ನಿರೀಕ್ಷೆಗೆ ಹೊಂದುವಂತೆ ಲೆಕ್ಕವನ್ನೇ ಬಗ್ಗಿಸಿತು. ಫೈರ್ ಎಂಬ್ಲೆಮ್ ಅನ್ನುವ ಯುದ್ಧದ ಸರಣಿಯ ಹಲವು ಆಟಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಅಲ್ಲಿ ಏಟು ತಗಲುವ ಸಾಧ್ಯತೆ 90% ಅಂತ ತೆರೆಯ ಮೇಲೆ ತೋರಿಸುತ್ತಾರೆ. ಒಳಗೆ ಎರಡು ರ‍್ಯಾಂಡಮ್ ಸಂಖ್ಯೆ ತೆಗೆದು ಸರಾಸರಿ ಮಾಡುವುದರಿಂದ ನಿಜವಾದ ಸಾಧ್ಯತೆ ಸುಮಾರು 98% ಆಗುತ್ತದೆ. ಆಡುವವರಿಗೆ ಇದೇ "ನ್ಯಾಯ" ಅನ್ನಿಸುತ್ತದೆ. ಪ್ರಾಮಾಣಿಕ 90% ಅನ್ಯಾಯ ಅನ್ನಿಸುತ್ತದೆ.

ಮೇಲಿಂದ ಬೀಳುವ ತುಂಡುಗಳನ್ನು ಜೋಡಿಸಿ ಸಾಲು ತುಂಬಿ ಕರಗಿಸುವ ಟೆಟ್ರಿಸ್‌ನಲ್ಲೂ ಹೀಗೆಯೇ. ಹಳೆಯ ಆವೃತ್ತಿಗಳಲ್ಲಿ ನಾಲ್ಕು ಸಾಲು ಒಟ್ಟಿಗೆ ಕರಗಿಸುವ ಉದ್ದದ ಕಡ್ಡಿ ಎಷ್ಟು ಹೊತ್ತಾದರೂ ಬಾರದೆ ಇರಬಹುದಿತ್ತು. ಆಡುವವರು ಅದನ್ನು ಬರಗಾಲ ಅಂತಲೇ ಕರೆಯುತ್ತಾರೆ. ಈಗಿನ ಅಧಿಕೃತ ಆಟಗಳಲ್ಲಿ ಏಳು ತುಂಡುಗಳನ್ನೂ ಒಂದು ಚೀಲಕ್ಕೆ ಹಾಕಿ ಕಲಸಿ, ಒಂದೊಂದಾಗಿ ತೆಗೆದು ಕೊಡುವ ಪದ್ಧತಿ ಇದೆ. ಚೀಲ ಖಾಲಿಯಾದ ಮೇಲೆ ಮತ್ತೆ ಏಳು. ಹಾಗಾಗಿ ಎರಡು ಕಡ್ಡಿಗಳ ನಡುವೆ 12ಕ್ಕಿಂತ ಹೆಚ್ಚು ತುಂಡು ಬರುವಂತೆಯೇ ಇಲ್ಲ. ಲಕ್‌ನ ಪಾಲು ಇಳಿಯಿತು, ಯೋಜನೆ ಹಾಕುವವರ ಪಾಲು ಏರಿತು. ನನಗೆ ಇದು ಒಳ್ಳೆಯ ಬದಲಾವಣೆ ಅನ್ನಿಸುತ್ತದೆ. ಯಾಕೆಂದರೆ ಇಲ್ಲಿ ಸುಳ್ಳು ಸಂಖ್ಯೆ ತೋರಿಸಿಲ್ಲ, ನಿಯಮವನ್ನೇ ಬದಲಿಸಿದ್ದಾರೆ.

ಯಾವ ಬಗೆಯ ಕಷ್ಟ?

ಕಷ್ಟ ಅನ್ನುವುದು ಒಂದೇ ಬಗೆಯದಲ್ಲ. 2013ರಲ್ಲಿ ಬಂದ ಫ್ಲಾಪಿ ಬರ್ಡ್‌ನಲ್ಲಿ ಏನು ಮಾಡಬೇಕು ಅನ್ನುವುದು ಮೊದಲ ಕ್ಷಣದಲ್ಲೇ ಗೊತ್ತು. ತಟ್ಟಿದರೆ ಹಕ್ಕಿ ಏರುತ್ತದೆ, ಬಿಟ್ಟರೆ ಬೀಳುತ್ತದೆ. ಕಷ್ಟ ಪೂರ್ತಿ ಬೆರಳಿನಲ್ಲಿದೆ. ಅದಕ್ಕೇ ಅಲ್ಲಿ ಸೋತವರು ಆಟವನ್ನು ಮೋಸ ಅನ್ನುವುದು ಕಡಿಮೆ. ತಮ್ಮ ಬೆರಳನ್ನೇ ಬೈದುಕೊಂಡು ಮತ್ತೆ ಆಡುತ್ತಾರೆ.

ಕಂಪ್ಯೂಟರ್‌ನಲ್ಲಿ ಒಬ್ಬರೇ ಆಡುವ ಫ್ರೀಸೆಲ್ ಅನ್ನುವ ಇಸ್ಪೀಟಾಟ ಇದಕ್ಕೆ ಪೂರ್ತಿ ಉಲ್ಟಾ. ಎಲ್ಲ ಎಲೆಗಳೂ ಕಣ್ಣ ಮುಂದೆ ತೆರೆದೇ ಇರುತ್ತವೆ. ಆತುರ ಇಲ್ಲ. ಕಷ್ಟ ಪೂರ್ತಿ ತಲೆಯಲ್ಲಿದೆ. ವಿಂಡೋಸ್ ಜೊತೆ ಬರುತ್ತಿದ್ದ ಹಳೆಯ ಫ್ರೀಸೆಲ್‌ನಲ್ಲಿ 32,000 ಆಟಗಳು ಇದ್ದವು. ಒಂದೊಂದಕ್ಕೂ ಒಂದು ನಂಬರ್. ಅವುಗಳಲ್ಲಿ ಬಿಡಿಸಲು ಆಗದೇ ಉಳಿದದ್ದು ಒಂದೇ ಒಂದು: 11982. ಅಲ್ಲಿ ಸೋತರೆ ಎಲೆಯ ಮೇಲೆ ತಪ್ಪು ಹೊರಿಸಲು ಜಾಗವೇ ಇಲ್ಲ.

ನಮಗೆಲ್ಲ ಗೊತ್ತಿರುವ ಸಾಲಿಟೇರ್, ಅಂದರೆ ಕ್ಲೊಂಡೈಕ್, ಹಾಗಲ್ಲ. ಅಲ್ಲಿ ಕೆಲವು ಎಲೆ ಮುಚ್ಚಿರುತ್ತವೆ. ಮೂರು ಮೂರು ಎಲೆ ತೆಗೆಯುವ ನಿಯಮದಲ್ಲಿ, ಮುಚ್ಚಿದ ಎಲೆಗಳೂ ಗೊತ್ತಿವೆ ಅಂದುಕೊಂಡು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿದರೆ 100ರಲ್ಲಿ ಸುಮಾರು 82 ಆಟ ಗೆಲ್ಲಬಹುದು. ನಾವು ಗೆಲ್ಲುವುದು ಅದಕ್ಕಿಂತ ತುಂಬಾ ಕಡಿಮೆ. ಉಳಿದ 18ರಲ್ಲಿ ಯಾರೂ ಏನೂ ಮಾಡಲು ಆಗುವುದಿಲ್ಲ. ಆದರೆ ಸೋತಾಗ ಅದು ಆ 18ರಲ್ಲಿ ಒಂದೋ, ಅಥವಾ ನಾವು ಎಲ್ಲೋ ಎಡವಿದೆವೋ ಅನ್ನುವುದು ನಮಗೆ ಗೊತ್ತಾಗುವುದಿಲ್ಲ. "ಎಲ್ಲ ಲಕ್" ಅನ್ನುವ ಮಾತು ಹುಟ್ಟುವುದು ಇಂಥ ಮಬ್ಬಿನಲ್ಲೇ. ಲಕ್ ಜಾಸ್ತಿ ಇರುವುದಕ್ಕಿಂತ, ಲಕ್ ಯಾವುದು ತಪ್ಪು ಯಾವುದು ಅಂತ ಬೇರೆ ಮಾಡಿ ನೋಡಲು ಆಗದೇ ಇರುವುದು ಹೆಚ್ಚು ಕಾಡುತ್ತದೆ.

ಅಡಗಿದ ಬಾಂಬ್ ಮುಟ್ಟದೆ ಉಳಿದ ಚೌಕಗಳನ್ನೆಲ್ಲ ತೆರೆಯುವ ಮೈನ್‌ಸ್ವೀಪರ್ ಆಡಿದವರಿಗೆ ಇದು ಗೊತ್ತಿರುತ್ತದೆ. ಎಕ್ಸ್‌ಪರ್ಟ್ ಬೋರ್ಡಿನಲ್ಲಿ 480 ಚೌಕ, 99 ಬಾಂಬ್. ಪೂರ್ತಿ ತರ್ಕದಿಂದ ಒಂದೊಂದೇ ಚೌಕ ಬಿಡಿಸುತ್ತಾ ಬರುತ್ತೀರಿ. ಕೊನೆಯಲ್ಲಿ ಮೂಲೆಯ ಎರಡು ಚೌಕ ಉಳಿಯುತ್ತವೆ. ಬಾಂಬ್ ಇದರಲ್ಲೋ ಅದರಲ್ಲೋ ಹೇಳಲು ಯಾವ ಸುಳಿವೂ ಇಲ್ಲ. ಅಷ್ಟು ಹೊತ್ತಿನ ಸ್ಕಿಲ್ಲೆಲ್ಲ ಒಂದು ನಾಣ್ಯ ಚಿಮ್ಮಿದಂತೆ ತೀರ್ಮಾನವಾಗುತ್ತದೆ. ಇಂಥ ಸೋಲಿನ ಸಿಟ್ಟು ಪೂರ್ತಿ ನ್ಯಾಯವಾದದ್ದು. ಅದಕ್ಕೇ ಊಹೆ ಮಾಡುವ ಪ್ರಸಂಗವೇ ಬಾರದಂಥ ಬೋರ್ಡುಗಳನ್ನು ಮಾತ್ರ ಕೊಡುವ ಆವೃತ್ತಿಗಳನ್ನು ಆಮೇಲೆ ಹಲವರು ಮಾಡಿದರು. ಆಟಗಾರರ ದೂರು ಆಟವನ್ನು ಉತ್ತಮ ಮಾಡಿದ ಒಳ್ಳೆಯ ಉದಾಹರಣೆ ಇದು.

ಕಷ್ಟ ಹೆಚ್ಚಿಸಿದರೆ ಸ್ಕಿಲ್ ಹೆಚ್ಚುತ್ತದೆ ಅನ್ನುವ ನಂಬಿಕೆಯೂ ಇದೆ. ಅದು ಯಾವಾಗಲೂ ನಿಜವಲ್ಲ. ವರ್ಡಲ್ ತೆಗೆದುಕೊಳ್ಳಿ. ಐದು ಅಕ್ಷರದ ಇಂಗ್ಲಿಷ್ ಪದವನ್ನು ಆರು ಪ್ರಯತ್ನದಲ್ಲಿ ಊಹಿಸಬೇಕು. ಪ್ರತಿ ಊಹೆಯ ಮೇಲೆ ಯಾವ ಅಕ್ಷರ ಸರಿ ಅನ್ನುವ ಸುಳಿವು ಸಿಗುತ್ತದೆ. ಅದರಲ್ಲಿ ಹಾರ್ಡ್ ಮೋಡ್ ಇದೆ. ಒಮ್ಮೆ ಸಿಕ್ಕ ಸುಳಿವನ್ನು ಮುಂದಿನ ಪ್ರತಿ ಪ್ರಯತ್ನದಲ್ಲೂ ಬಳಸಲೇಬೇಕು ಅನ್ನುವುದು ಅದರ ನಿಯಮ. ಈಗ ಕೊನೆಯ ನಾಲ್ಕು ಅಕ್ಷರ ಎ, ಟಿ, ಸಿ, ಎಚ್ ಅಂತ ಗೊತ್ತಾಯಿತು ಅನ್ನಿ. ಉತ್ತರ ಬ್ಯಾಚ್ ಇರಬಹುದು, ಕ್ಯಾಚ್, ಹ್ಯಾಚ್, ಲ್ಯಾಚ್, ಮ್ಯಾಚ್, ಪ್ಯಾಚ್, ವಾಚ್ ಯಾವುದೂ ಇರಬಹುದು. ಏಳು ಪದ. ಹಾರ್ಡ್ ಮೋಡ್‌ನಲ್ಲಿ ಒಂದೊಂದಾಗಿ ಊಹಿಸುತ್ತಾ ಹೋಗುವುದು ಬಿಟ್ಟರೆ ಬೇರೆ ದಾರಿ ಇಲ್ಲ. ಸಾಮಾನ್ಯ ಮೋಡ್‌ನಲ್ಲಿ ಕ್ಲೈಂಬ್ ಅಂತ ಬರೆದರೆ ಸಿ, ಎಲ್, ಎಂ, ಬಿ ನಾಲ್ಕೂ ಒಂದೇ ಏಟಿಗೆ ಪರೀಕ್ಷೆಯಾಗುತ್ತವೆ. ಆ ಜಾಣ್ಮೆಗೆ ಹಾರ್ಡ್ ಮೋಡ್‌ನಲ್ಲಿ ಜಾಗ ಇಲ್ಲ. ಮೊದಲೇ ಇಂಥ ಬಲೆಗೆ ಬೀಳದಂತೆ ಪದ ಆರಿಸುವುದು ಹಾರ್ಡ್ ಮೋಡ್‌ನ ಸ್ಕಿಲ್, ಸರಿ. ಆದರೆ ಬಿದ್ದ ಮೇಲೆ ಉಳಿಯುವುದು ಲಕ್ ಮಾತ್ರ.

ವರ್ಡಲ್‌ನಲ್ಲಿ ಇನ್ನೊಂದು ಸ್ವಾರಸ್ಯದ ಘಟನೆ ನಡೆಯಿತು. ಜಾಶ್ ವಾರ್ಡಲ್ ಮಾಡಿದ ಆಟವನ್ನು 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಕೊಂಡುಕೊಂಡಿತು. ಕೆಲವೇ ವಾರಗಳಲ್ಲಿ "ಪದಗಳು ಕಷ್ಟ ಆಗಿಬಿಟ್ಟಿವೆ" ಅನ್ನುವ ದೂರು ಎಲ್ಲೆಡೆ ಕೇಳಿಬಂತು. ನಿಜ ಏನೆಂದರೆ, ಆಗ ಬರುತ್ತಿದ್ದ ಪದಗಳು ವಾರ್ಡಲ್ ಅವರು ಮೊದಲೇ ಮಾಡಿಟ್ಟಿದ್ದ ಸುಮಾರು 2,300 ಪದಗಳ ಪಟ್ಟಿಯವೇ. ಹೊಸ ಮಾಲೀಕರು ಕೆಲವು ಪದಗಳನ್ನು ತೆಗೆದಿದ್ದರು, ಅಷ್ಟೇ. ಮಾಲೀಕರು ಬದಲಾದರು ಅನ್ನುವ ಸುದ್ದಿ ಎಲ್ಲರಿಗೂ ಗೊತ್ತಿತ್ತು. ಆಮೇಲೆ ಸತತವಾಗಿ ಎರಡು ಮೂರು ವಿಚಿತ್ರ ಪದ ಬಂದಾಗ ಕಾರಣ ಸಿದ್ಧವಾಗಿಯೇ ಇತ್ತು. ಮೊದಲು ಅಂಥ ಪದ ಬಂದಿದ್ದಾಗ ಯಾರೂ ಲೆಕ್ಕ ಇಟ್ಟಿರಲಿಲ್ಲ.

ಎದುರಿಗೆ ಇರುವವರು ಯಾರು?

ಬೇರೆ ಜನರ ವಿರುದ್ಧ ಆಡುವ ಆಟಗಳಲ್ಲಿ ಕಷ್ಟವನ್ನು ಆಟ ಮಾಡಿದವರು ಇಡುವುದಿಲ್ಲ, ಎದುರಾಳಿ ತರುತ್ತಾರೆ. ಹಾಗಾಗಿ ಯಾರನ್ನು ಯಾರ ಎದುರು ಕೂರಿಸುತ್ತಾರೆ ಅನ್ನುವುದೇ ದೊಡ್ಡ ಪ್ರಶ್ನೆ. ಇದರ ಬೇರು ಚೆಸ್‌ನಲ್ಲಿದೆ. ಅರ್ಪಾಡ್ ಇಲೋ ಅನ್ನುವ ಭೌತಶಾಸ್ತ್ರದ ಪ್ರಾಧ್ಯಾಪಕರು ಮಾಡಿದ ರೇಟಿಂಗ್ ಪದ್ಧತಿಯನ್ನು ಅಮೆರಿಕದ ಚೆಸ್ ಸಂಸ್ಥೆ 1960ರಲ್ಲಿ, ವಿಶ್ವ ಚೆಸ್ ಸಂಸ್ಥೆ ಫಿಡೆ 1970ರಲ್ಲಿ ಒಪ್ಪಿಕೊಂಡವು. ಲೆಕ್ಕ ಸರಳ. ಇಬ್ಬರ ರೇಟಿಂಗ್ ಸಮ ಇದ್ದರೆ ಇಬ್ಬರಿಗೂ ಅರ್ಧ ಅರ್ಧ. 200 ಪಾಯಿಂಟ್ ವ್ಯತ್ಯಾಸ ಇದ್ದರೆ ಮೇಲಿನವರಿಗೆ 100ಕ್ಕೆ ಸುಮಾರು 76 ಪಾಲು. 400 ಇದ್ದರೆ ಸುಮಾರು 91. ಗೆದ್ದರೆ ರೇಟಿಂಗ್ ಏರುತ್ತದೆ, ಸೋತರೆ ಇಳಿಯುತ್ತದೆ. ಈಗಿನ ಆನ್‌ಲೈನ್ ಆಟಗಳ ಪದ್ಧತಿಗಳಲ್ಲಿ ಹೆಚ್ಚಿನವು ಇದೇ ಕುಟುಂಬದವು.

ಇದರಿಂದ ಒಂದು ಬೇಸರದ ಪರಿಣಾಮ ಇದೆ. ನೀವು ಎಷ್ಟೇ ಕಲಿತರೂ, ಅಷ್ಟೇ ಕಲಿತವರು ಎದುರು ಬರುತ್ತಾರೆ. ಗೆಲುವು ಅರ್ಧದ ಹತ್ತಿರವೇ ನಿಲ್ಲುತ್ತದೆ. ವರ್ಷ ಕಳೆದರೂ ಅರ್ಧ ಸೋಲು. "ನಾನು ಬೆಳೆಯುತ್ತಲೇ ಇಲ್ಲ" ಅನ್ನಿಸುತ್ತದೆ. ಬೆಳೆದಿರುತ್ತೀರಿ, ಜೊತೆಗೆ ಎದುರಾಳಿಯೂ ಬೆಳೆದಿರುತ್ತಾರೆ. ಗೆಲುವಿನ ಶೇಕಡಾ ನೋಡಬೇಡಿ, ರೇಟಿಂಗ್ ನೋಡಿ ಅಂತ ನಾನು ಹೊಸಬರಿಗೆ ಹೇಳುವುದು ಅದಕ್ಕೇ. ಅದರಲ್ಲೂ ಒಂದು ಎಚ್ಚರ ಬೇಕು. ಹಳೆಯ ಆಟದಿಂದ ಸಾಧಾರಣವಾಗಿ ಮೊದಲು ಬಿಟ್ಟುಹೋಗುವವರು ಸೋಲುವವರು. ಉಳಿದವರು ಗಟ್ಟಿಗರು. ಆಟದಲ್ಲಿ ಒಂದು ಸಾಲು ಕೋಡ್ ಬದಲಾಗದಿದ್ದರೂ ಅದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಾ ಹೋಗುತ್ತದೆ. "ಮೊದಲು ಸುಲಭ ಇತ್ತು" ಅನ್ನುವ ಮಾತು ಇಲ್ಲಿ ಅಕ್ಷರಶಃ ನಿಜ.

ಸಮಾನರ ನಡುವೆಯೂ ಸೋಲಿನ ಸರಮಾಲೆ ಬರುತ್ತದೆ. ಗೆಲುವು ಸೋಲು ಅರ್ಧ ಅರ್ಧ ಇರುವವರು 100 ಆಟ ಆಡಿದರೆ ಎಲ್ಲೋ ಒಂದು ಕಡೆ ಸತತ 5 ಸೋಲು ಬರುವ ಸಾಧ್ಯತೆ ಸುಮಾರು 81%. ಸತತ 6 ಸೋಲು ಬರುವ ಸಾಧ್ಯತೆ ಕೂಡ ಅರ್ಧಕ್ಕಿಂತ ಜಾಸ್ತಿ. ಅಷ್ಟು ಸೋತವರು "ಗೆದ್ದಿದ್ದಕ್ಕೆ ಈಗ ನನ್ನನ್ನು ಬೇಕಂತಲೇ ಸೋಲಿಸುತ್ತಿದ್ದಾರೆ" ಅಂದುಕೊಳ್ಳುವುದು ಸಹಜ. ತುಂಬಾ ಜನ ಒಟ್ಟಿಗೆ ಆಡುವ ಆಟದಲ್ಲಂತೂ ಲೆಕ್ಕ ಇನ್ನೂ ಕಠೋರ. ಫಾಲ್ ಗೈಸ್ 2020ರಲ್ಲಿ ಬಂದಾಗ ಒಂದು ಆಟಕ್ಕೆ 60 ಜನ. ಎಲ್ಲರೂ ಸಮಾನರಾದರೆ 60ಕ್ಕೆ ಒಂದು ಗೆಲುವು. 60 ಆಟ ಆಡಿಯೂ ಒಂದೂ ಗೆಲ್ಲದೇ ಇರುವ ಸಾಧ್ಯತೆ ಸುಮಾರು 36%. ನೋಡಲು ಮುದ್ದಾಗಿ ನಗುನಗುತ್ತಾ ಇರುವ ಆಟ, ಆದರೆ ಸಾಧಾರಣ ಆಟಗಾರರಿಗೆ ಅದು ಸೋಲನ್ನೇ ಬಡಿಸುತ್ತದೆ.

ಹೊಸಬರಿಗೆ ಗೆಲುವಿನ ರುಚಿ ತೋರಿಸಲು ಕೆಲವು ಆಟಗಳು ಬಾಟ್‌ಗಳನ್ನು, ಅಂದರೆ ಕಂಪ್ಯೂಟರೇ ಆಡಿಸುವ ಆಟಗಾರರನ್ನು, ಸೇರಿಸುತ್ತವೆ. ಫೋರ್ಟ್‌ನೈಟ್ 2019ರಲ್ಲಿ ಇದನ್ನು ಬಹಿರಂಗವಾಗಿ ಹೇಳಿಯೇ ತಂದಿತು. ಬಹಿರಂಗವಾಗಿ ಹೇಳಿದರೆ ನನ್ನ ತಕರಾರು ಇಲ್ಲ. ಎದುರಿಗೆ ಇರುವುದು ಮನುಷ್ಯರೇ ಅಂತ ನಂಬಿಸಿ ಬಾಟ್ ಕೂರಿಸುವುದು ಮಾತ್ರ ತಪ್ಪು. ಅಲ್ಲಿ ಆಟಗಾರರು ತಮ್ಮ ಸ್ಕಿಲ್ ಬಗ್ಗೆ ಕಟ್ಟಿಕೊಳ್ಳುವ ಅಂದಾಜೇ ಸುಳ್ಳಾಗುತ್ತದೆ.

ಮಾರಿಯೋ ಕಾರ್ಟ್ ಅನ್ನುವ ರೇಸ್ ಆಟ ಬೇರೆ ದಾರಿ ಹಿಡಿಯಿತು. ಹಿಂದೆ ಬಿದ್ದವರಿಗೆ ಬಲವಾದ ಅಸ್ತ್ರ ಕೊಡುತ್ತದೆ, ಮುಂದೆ ಇದ್ದವರಿಗೆ ಸಪ್ಪೆಯದು. ಮೊದಲ ಸ್ಥಾನದಲ್ಲಿರುವವರನ್ನೇ ಹುಡುಕಿಕೊಂಡು ಹೋಗಿ ಹೊಡೆಯುವ ನೀಲಿ ಚಿಪ್ಪು 1996ರ ಆಟದಲ್ಲೇ ಬಂತು. ಪಳಗಿದವರು ಇಂದಿಗೂ ಅದನ್ನು ಬೈಯುತ್ತಾರೆ. ಆದರೆ ಒಂಬತ್ತು ವರ್ಷದ ಮಗು ಮತ್ತು ಅದರ ಅಣ್ಣ ಒಟ್ಟಿಗೆ ಕೂತು ಕೊನೆಯ ತಿರುವಿನವರೆಗೂ ಆಸೆ ಬಿಡದೆ ಆಡಲು ಸಾಧ್ಯವಾಗುವುದು ಅದರಿಂದಲೇ.

ಕಷ್ಟವೇ ಮಾರಾಟದ ಸರಕಾದಾಗ

ಇಲ್ಲಿಯವರೆಗೆ ಆಟಗಾರರ ಅನುಮಾನಗಳಿಗೆ ಲೆಕ್ಕದಿಂದ ಉತ್ತರ ಕೊಡಲು ಸಾಧ್ಯವಾಯಿತು. ಒಂದು ಅನುಮಾನಕ್ಕೆ ಮಾತ್ರ ಹಾಗೆ ಕೊಡಲು ಆಗುವುದಿಲ್ಲ. ಉಚಿತ ಆಟದಲ್ಲಿ ದುಡ್ಡು ಬರುವ ಮುಖ್ಯ ದಾರಿಗಳಲ್ಲಿ ಒಂದು, ಆಟಗಾರರು ಸಿಕ್ಕಿಬೀಳುವ ಜಾಗ. 2012ರಲ್ಲಿ ಬಂದ ಕ್ಯಾಂಡಿ ಕ್ರಶ್ ಸಾಗಾದಲ್ಲಿ ಐದು ಜೀವ. ಒಂದು ಜೀವ ಮತ್ತೆ ತುಂಬಲು 30 ನಿಮಿಷ. ಕಾಯಲು ಆಗದವರು ಕೊಳ್ಳಬಹುದು. ಒಡೆಯಬೇಕಾದ ಜೆಲ್ಲಿ ಇನ್ನೊಂದೇ ಉಳಿದಾಗ ನಡೆಗಳು ಮುಗಿದರೆ, ಐದು ಹೆಚ್ಚುವರಿ ನಡೆ ಕೊಳ್ಳಲು ಅಲ್ಲೇ ಬಟನ್ ಇರುತ್ತದೆ. ಸ್ವಲ್ಪದರಲ್ಲಿ ತಪ್ಪಿದ ಸೋಲು ಪೂರ್ತಿ ಸೋಲಿಗಿಂತ ಹೆಚ್ಚು ಚುಚ್ಚುತ್ತದೆ. ಬಟನ್ ಇರುವುದು ಸರಿಯಾಗಿ ಆ ಜಾಗದಲ್ಲಿ.

ಇದೆಲ್ಲ ಬಹಿರಂಗ ವಿಷಯ. ಆ್ಯಕ್ಟಿವಿಷನ್ ಕಂಪನಿಗೆ 2017ರ ಅಕ್ಟೋಬರ್‌ನಲ್ಲಿ ಒಂದು ಪೇಟೆಂಟ್ ಸಿಕ್ಕಿತು. ಹೊಸಬರನ್ನು ದುಡ್ಡು ಕೊಟ್ಟು ವಸ್ತು ಕೊಂಡ ಆಟಗಾರರ ಜೊತೆ ಆಡಿಸಿ, ಅದನ್ನು ನೋಡಿ ಅವರಿಗೂ ಕೊಳ್ಳುವ ಆಸೆ ಹುಟ್ಟುವಂತೆ ಮಾಡುವ ಉಪಾಯವೂ ಅದರಲ್ಲಿತ್ತು. ಇದನ್ನು ಯಾವ ಆಟದಲ್ಲೂ ಬಳಸಿಲ್ಲ ಅಂತ ಕಂಪನಿ ಹೇಳಿತು. ಆದರೂ ಇಂಥ ಯೋಚನೆ ಕಾಗದದ ಮೇಲೆ ಬಂದಿದೆ ಅನ್ನುವುದೇ ಸಾಕು, ಆಟಗಾರರ ಅನುಮಾನವನ್ನು ಬರೀ ಭ್ರಮೆ ಅಂತ ತಳ್ಳಿಹಾಕಬಾರದು ಅನ್ನಲು.

ಪೇಟೆಂಟ್‌ಗಿಂತ ದೊಡ್ಡ ತೊಂದರೆ ಗುಟ್ಟು. ಕ್ಯಾಂಡಿ ಕ್ರಶ್‌ನ 65ನೇ ಲೆವೆಲ್ ಒಂದು ಕಾಲದಲ್ಲಿ ಎಲ್ಲರ ಬಾಯಲ್ಲೂ ಇತ್ತು. ಆಮೇಲೆ ಅದನ್ನು ಸುಲಭ ಮಾಡಿದರು. ಲೆವೆಲ್ ಯಾವತ್ತು ಸಡಿಲವಾಯಿತು, ಯಾವತ್ತು ಬಿಗಿಯಾಯಿತು ಅನ್ನುವುದು ಸಾಮಾನ್ಯವಾಗಿ ಆಡುವವರಿಗೆ ಕಾಣುವುದಿಲ್ಲ. ಹಾಗಾಗಿ ನಿನ್ನೆ ದಾಟಿದವರು ಇವತ್ತು ಸಿಕ್ಕಿಬಿದ್ದವರಿಗೆ "ನಿನಗೆ ಆಡೋಕೆ ಬರಲ್ಲ" ಅನ್ನುವುದು ಅನ್ಯಾಯ. ಇಬ್ಬರೂ ಆಡಿದ್ದು ಒಂದೇ ಲೆವೆಲ್ ಅನ್ನಲು ಆಧಾರ ಇಲ್ಲ.

"ಅದೇನು ಮಹಾ ಆಟ"

ಕ್ಯಾಶುಯಲ್ ಆಟ ಆಡುವವರಿಗೆ ಸ್ಕಿಲ್ ಬೇಕಿಲ್ಲ ಅನ್ನುವ ತಾತ್ಸಾರವನ್ನು ಮಾತ್ರ ನಾನು ಒಪ್ಪುವುದಿಲ್ಲ. ಒಳಗೆ ಬರುವುದು ಸುಲಭ ಅನ್ನುವುದಕ್ಕೂ ಮೇಲೆ ಏರುವುದು ಸುಲಭ ಅನ್ನುವುದಕ್ಕೂ ಸಂಬಂಧ ಇಲ್ಲ. ಅಲೆಕ್ಸಿ ಪಾಜಿಟ್ನೋವ್ 1984ರಲ್ಲಿ ಮಾಸ್ಕೋದಲ್ಲಿ ಮಾಡಿದ ಟೆಟ್ರಿಸ್‌ಅನ್ನು ಯಾರಾದರೂ ಒಂದು ನಿಮಿಷದಲ್ಲಿ ಕಲಿಯಬಹುದು. ನಿಂಟೆಂಡೊದ 1989ರ ಆವೃತ್ತಿಯಲ್ಲಿ 29ನೇ ಲೆವೆಲ್‌ನಿಂದ ಮುಂದೆ ತುಂಡುಗಳು ಎಷ್ಟು ವೇಗವಾಗಿ ಬೀಳುತ್ತವೆ ಅಂದರೆ, ಮನುಷ್ಯರಿಗೆ ಅಲ್ಲಿಗೆ ಮುಗಿಯಿತು ಅಂತ ದಶಕಗಳ ಕಾಲ ನಂಬಿದ್ದರು. ಆಮೇಲೆ ಆಟಗಾರರು ಬಟನ್ ಒತ್ತುವ ಹೊಸ ಪಟ್ಟುಗಳನ್ನು ಕಂಡುಹಿಡಿದರು. ಕಂಟ್ರೋಲರ್‌ನ ಹಿಂಬದಿಯನ್ನು ಬೆರಳುಗಳಿಂದ ಒಂದರ ಹಿಂದೆ ಒಂದು ತಟ್ಟುವುದು ಅವುಗಳಲ್ಲಿ ಒಂದು. 2023ರ ಡಿಸೆಂಬರ್‌ನಲ್ಲಿ 13 ವರ್ಷದ ಹುಡುಗನೊಬ್ಬ 157ನೇ ಲೆವೆಲ್ ತಲುಪಿದ. ಅಲ್ಲಿ ಆಟವೇ ಮುಂದೆ ಸಾಗಲಾರದೆ ಸ್ತಬ್ಧವಾಯಿತು. ಸ್ಕಿಲ್‌ನ ಮಿತಿ ಎಲ್ಲಿದೆ ಅಂತ ಆಟ ನೋಡಿ ಹೇಳಲು ಆಗಿರಲಿಲ್ಲ.

ಹಾಗಾದರೆ ಒಂದು ಆಟ ಎಷ್ಟು ಕಷ್ಟ ಅನ್ನುವ ಬಗ್ಗೆ ಇಬ್ಬರು ಆಟಗಾರರು ನಿಜವಾಗಿ ಮಾತಾಡಿಕೊಳ್ಳಲು ಏನು ಬೇಕು? ಇಬ್ಬರೂ ಒಂದೇ ಸನ್ನಿವೇಶವನ್ನು ಆಡಿರಬೇಕು. ಬ್ರಿಜ್ ಇಸ್ಪೀಟಾಟದ ಪಂದ್ಯಗಳಲ್ಲಿ ಇದನ್ನು ಬಹಳ ಹಿಂದೆಯೇ ಮಾಡಿದ್ದಾರೆ. ಒಂದು ಮೇಜಿನಲ್ಲಿ ಹಂಚಿದ ಎಲೆಗಳನ್ನೇ ಉಳಿದ ಮೇಜುಗಳಲ್ಲೂ ಆಡಿಸುತ್ತಾರೆ. ಕೆಟ್ಟ ಎಲೆ ಬಂತು ಅನ್ನುವ ನೆಪ ಇರುವುದಿಲ್ಲ, ಅದೇ ಕೆಟ್ಟ ಎಲೆಯಲ್ಲಿ ಬೇರೆಯವರು ಏನು ಮಾಡಿದರು ಅಂತ ನೋಡುತ್ತಾರೆ. ಫ್ರೀಸೆಲ್‌ನ ನಂಬರ್ ಮಾಡಿದ್ದೂ ಇದನ್ನೇ. ವರ್ಡಲ್‌ನಲ್ಲಿ ದಿನಕ್ಕೊಂದು ಪದ, ಎಲ್ಲರಿಗೂ ಅದೇ ಪದ. 2022ರಲ್ಲಿ ಬಂದ ವರ್ಡಲ್‌ಬಾಟ್ ಅನ್ನುವ ಪ್ರೋಗ್ರಾಂ, ಆಟ ಮುಗಿದ ಮೇಲೆ ಸ್ಕಿಲ್‌ಗೆ ಒಂದು ಅಂಕ, ಲಕ್‌ಗೆ ಒಂದು ಅಂಕ ಬೇರೆ ಬೇರೆಯಾಗಿ ಕೊಡುತ್ತದೆ. ಎರಡೇ ಪ್ರಯತ್ನದಲ್ಲಿ ಗೆದ್ದವರಿಗೆ ಲಕ್ ಎಷ್ಟಿತ್ತು ಅಂತಲೂ, ಐದರಲ್ಲಿ ಗೆದ್ದವರು ಪ್ರತಿ ಹೆಜ್ಜೆಯಲ್ಲೂ ಸರಿಯಾಗಿಯೇ ಯೋಚಿಸಿದ್ದರು ಅಂತಲೂ ಅದು ತೋರಿಸಬಲ್ಲದು.

ಮೂರು ಸೇರಿಸುವ ಆಟಗಳಲ್ಲೂ ಇದು ಕಷ್ಟವೇನಲ್ಲ. ಲೆವೆಲ್‌ಗೆ ಒಂದು ನಂಬರ್ ಇರುವಂತೆ, ಆ ದಿನ ಬಂದ ಬೋರ್ಡಿಗೂ ಒಂದು ನಂಬರ್ ಕೊಡಬಹುದು. 100 ಜನರಲ್ಲಿ ಎಷ್ಟು ಜನ ಅದನ್ನು ಮೊದಲ ಪ್ರಯತ್ನದಲ್ಲಿ ದಾಟಿದರು, ಹತ್ತರಲ್ಲಿ ಎಷ್ಟು ಜನ ದಾಟಿದರು ಅನ್ನುವುದನ್ನು ಅದರ ಪಕ್ಕದಲ್ಲೇ ಬರೆಯಬಹುದು. ಲೆವೆಲ್ ಬದಲಿಸಿದ ದಿನ ಬದಲಿಸಿದ್ದೇವೆ ಅಂತ ಹೇಳಬಹುದು. ಈ ಮೂರನ್ನೂ ಮಾಡಲು ಬೇಕಾದ ಮಾಹಿತಿ ಕಂಪನಿಗಳ ಕೈಯಲ್ಲಿ ಈಗಾಗಲೇ ಇದೆ.